ಬೆಲ್ಲದ ಗೋಡೆಯ ಆಫೀಸು

"ಗಾರೆಯವನನ್ನು ಕರೆಯುವುದಿಲ್ಲ, ಸುಣ್ಣ ಹೊಡೆಯುವವನನ್ನೂ ಕರೆಯುವುದಿಲ್ಲ. ಶನಿವಾರದೊಳಗೆ ಈ ಕೋಣೆ ಆಫೀಸಾಗದಿದ್ದರೆ ನನ್ನ ಹೆಸರು ಸಂಜೀವಯ್ಯನೇ ಅಲ್ಲ" ಎಂದು ತಿಲಕ್ ನಗರದ ಸಂಜೀವಯ್ಯನವರು ತಮ್ಮ ಮನೆಯ ಸೌದೆ ಕೋಣೆಯ ಹೊಸ್ತಿಲಲ್ಲಿ ನಿಂತು ಪ್ರತಿಜ್ಞೆ ಮಾಡಿದರು. ಸಾಕ್ಷಿಗೆ ಇದ್ದವರು ಹೆಂಡತಿ ಈಶ್ವರಮ್ಮ ಮತ್ತು ಒಂದು ಹಲ್ಲಿ. ಹಲ್ಲಿ ಲೊಚಗುಟ್ಟಿತು. ಈಶ್ವರಮ್ಮ ಅಷ್ಟೂ ಮಾಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಸಂಜೀವಯ್ಯನವರು ಅರ್ಧ ಆಯುಷ್ಯ ಟೈಪಿಸ್ಟಾಗಿ ದುಡಿದ ಕಂಪನಿ ಬಾಗಿಲು ಹಾಕಿತ್ತು. ಹೋಗುವಾಗ ಮಾಲೀಕರು ಕಣ್ಣೊರೆಸಿಕೊಂಡು ಒಂದು ಹಳೆಯ ಟೈಪ್‌ರೈಟರನ್ನು ಕೈಗಿತ್ತಿದ್ದರು. ಅದನ್ನು ಜಗುಲಿಯ ಮೇಲಿಟ್ಟು ಅರ್ಜಿ ಗಿರ್ಜಿ ಟೈಪ್ ಮಾಡಿಕೊಡುತ್ತಿದ್ದಾಗ ಕತ್ರಿಗುಪ್ಪೆಯ ತಿಮ್ಮರಾಯಪ್ಪನವರು ಬಂದರು. ಹೊಲವಿದ್ದ ಕಡೆಯೆಲ್ಲ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ದೊಡ್ಡ ಕುಳ. ತಮ್ಮ ಬಾಡಿಗೆ ಕರಾರುಗಳನ್ನೆಲ್ಲ ಇವರಿಗೇ ಕೊಡಲು ಅವರಿಗೆ ಮನಸ್ಸಿತ್ತು. ಆದರೆ ದಾರಿಹೋಕರು ಹೆಗಲ ಮೇಲಿಂದ ಇಣುಕಿ ಓದುವ ಜಗುಲಿ ಅವರಿಗೆ ಬೇಡ. ಬಾಗಿಲಿರುವ ಒಂದು ಆಫೀಸು ಇರಲಿ, ಶನಿವಾರ ಬಂದು ನೋಡುತ್ತೇನೆ ಎಂದು ಹೋದರು. ಆ ಕೆಲಸ ಸಿಕ್ಕರೆ ಒಲೆ ಉರಿಯುತ್ತದೆ. ಸಿಗದಿದ್ದರೆ ಸಂಜೀವಯ್ಯನವರು ಭಾವಮೈದುನನ ದಿನಸಿ ಅಂಗಡಿಯಲ್ಲಿ ಕೂತು ಮೆಣಸಿನಕಾಯಿ ಪೊಟ್ಟಣ ಕಟ್ಟಬೇಕು. ಭಾವಮೈದುನ ಆಗಲೇ ಒಂದು ಮಣೆಯನ್ನೂ ತೆಗೆದಿಟ್ಟಿದ್ದನಂತೆ!

ಸೌದೆ ಹಿತ್ತಲಿಗೆ ಹೋಯಿತು. ಹಳೆಯ ಬಾಗಿಲೊಂದು ಇಟ್ಟಿಗೆಗಳ ಮೇಲೆ ಮಲಗಿ ಮೇಜಾಯಿತು. ಉಳಿದದ್ದು ಮಸಿ ಹಿಡಿದ ಗೋಡೆ. ಸಂಜೀವಯ್ಯನವರು ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದಾಗ ಈಶ್ವರಮ್ಮ, ಸ್ವಲ್ಪ ಗೋಂದು ಹಾಕಿ, ಇಲ್ಲದಿದ್ದರೆ ಬಂದವರ ಬೆನ್ನಿಗೆಲ್ಲ ಮೆತ್ತಿಕೊಳ್ಳುತ್ತದೆ ಎಂದು ನೆನಪಿಸಿದರು.

"ಗೋಂದು ಯಾಕೆ? ನಮ್ಮ ತಾತನ ಕಾಲದಲ್ಲಿ ಬೆಲ್ಲ ಹಾಕ್ತಿದ್ರು. ಆ ಗೋಡೆ ಇವತ್ತಿಗೂ ಅಲ್ಲಾಡಿಲ್ಲ."

"ಅದು ಗಾರೆಗೆ ರೀ, ಸುಣ್ಣಕ್ಕಲ್ಲ."

"ಎರಡೂ ಹೋಗೋದು ಗೋಡೆಗೇ ತಾನೆ?"

ಹಬ್ಬಕ್ಕೆಂದು ಎತ್ತಿಟ್ಟಿದ್ದ ಅಚ್ಚುಬೆಲ್ಲವೆಲ್ಲ ಕರಗಿ ಸುಣ್ಣದಲ್ಲಿ ಐಕ್ಯವಾಯಿತು.

"ಗೋಡೆಗೆ ಬೆಲ್ಲ, ನಮಗೆ ಸುಣ್ಣ" ಎಂದು ಈಶ್ವರಮ್ಮ ಒಳಗೆ ಹೋದರು.

ಶುಕ್ರವಾರ ಸಂಜೆ ಗೋಡೆ ಕೆನೆಹಾಲಿನಂತೆ ಕಂಗೊಳಿಸಿತು. ಸಂಜೀವಯ್ಯನವರು ಬೆನ್ನು ಒರಗಿಸಿ ನೋಡಿದರು, ಒಂದು ಚೂರೂ ಮೆತ್ತಲಿಲ್ಲ. ತಾತನನ್ನು ನೆನೆದು ಮಲಗಿದರು.

ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಸುತ್ತ ತಾವು ಬಳಿಯದ ಒಂದು ಕಪ್ಪು ಅಂಚು. ಕನ್ನಡಕ ಹಾಕಿಕೊಂಡರು. ಅಂಚು ನಡೆಯುತ್ತಿತ್ತು. ಇರುವೆ! ತಿಲಕ್ ನಗರದ ಕಪ್ಪಿರುವೆಗಳೆಲ್ಲ ಬಂಧುಬಳಗ ಸಮೇತ ಗೃಹಪ್ರವೇಶಕ್ಕೆ ಬಂದಿದ್ದವು. ಟೈಪ್‌ರೈಟರಿನ ಮೇಲೂ ಒಂದು ದಿಬ್ಬಣ ಹೊರಟಿತ್ತು. ಅಷ್ಟು ನೇರವಾದ ಸಾಲನ್ನು ಸಂಜೀವಯ್ಯನವರು ಜನ್ಮದಲ್ಲಿ ಟೈಪ್ ಮಾಡಿರಲಿಲ್ಲ.

ಈಶ್ವರಮ್ಮ ಅರಿಶಿನದ ಡಬ್ಬಿ ತಂದು ಗೋಡೆಯ ಬುಡದುದ್ದಕ್ಕೂ ಗೆರೆ ಎಳೆದರು. ಅರಿಶಿನ ಕಂಡರೆ ಇರುವೆ ದಾಟುವುದಿಲ್ಲವಂತೆ. ಆದರೆ ದಾಟಬೇಕಾದವೆಲ್ಲ ಆಗಲೇ ದಾಟಿಯಾಗಿತ್ತು. ಗೆರೆಯಿಂದಾಗಿ ಈಗ ಅವು ಹೊರಗೂ ಹೋಗದಂತಾಯಿತು. ಅಷ್ಟರಲ್ಲಿ ಹೊರಗೆ ಕೆಮ್ಮಿದ ಸದ್ದು. ತಿಮ್ಮರಾಯಪ್ಪನವರು!

ಸಂಜೀವಯ್ಯನವರು ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು. ಕಣ್ಣ ಮುಂದೆ ಭಾವಮೈದುನನ ಮಣೆ ಬಂದು ನಿಂತಿತು. ಕುತ್ತಿಗೆಯ ಮೇಲೆ ಏನೋ ಹರಿದಾಡಿದರೂ ಮುಖದ ನಗು ಸಡಿಲಿಸಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸ್ವಾಮಿ" ಎಂದರು ತಿಮ್ಮರಾಯಪ್ಪ.

ಬಂದರು. ತಿಮ್ಮರಾಯಪ್ಪನವರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಅರಿಶಿನದ ಗೆರೆ ನೋಡಿದರು. ಹಿಂದಕ್ಕೆ ಸರಿದು ಚಪ್ಪಲಿ ಬಿಟ್ಟು ಕೈ ಮುಗಿದರು.

ಆಮೇಲೆ ವಿಷಯ ಹೊರಬಿತ್ತು. ಅವರಿಗೆ ಶನಿಕಾಟ. ಪ್ರತಿ ಶನಿವಾರ ಕಪ್ಪಿರುವೆಗೆ ಬೆಲ್ಲ ಹಾಕಿ ಎಂದು ಜೋಯಿಸರು ಹೇಳಿದ್ದರು. ಅವರ ಹೊಸ ಮನೆಗೆ ಮೊಸಾಯಿಕ್ ನೆಲ. ಒಂದು ಇರುವೆಯೂ ಅತ್ತ ಸುಳಿಯದು. ಪಾಪ, ಆ ದೊಡ್ಡ ಮನುಷ್ಯ ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡು ಬನಶಂಕರಿಯ ತನಕ ನೆಲ ನೋಡುತ್ತಾ ಅಲೆಯುತ್ತಿದ್ದರು. ಏನು ಕಳೆದುಕೊಂಡಿರಿ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರಂತೆ.

ಸಂಜೀವಯ್ಯನವರಿಗೆ ಹೋದ ಜೀವ ಬಂದಿತು. ಜೀವದ ಜೊತೆಗೆ ಜಂಬವೂ ಬಂದಿತು. ತಮ್ಮ ಟೈಪಿಂಗಿನ ವೇಗ, ಕಾಗುಣಿತದ ಶುದ್ಧಿ ಎಲ್ಲವನ್ನೂ ಬಣ್ಣಿಸತೊಡಗಿದರು. ತಿಮ್ಮರಾಯಪ್ಪನವರು ಕೈ ಎತ್ತಿ ತಡೆದರು.

"ಟೈಪಿಂಗ್ ಯಾರು ಬೇಕಾದ್ರೂ ಮಾಡ್ತಾರೆ ಸ್ವಾಮಿ. ಅರಿಶಿನ ಇಟ್ಟು ಪೂಜೆ ಮಾಡಿ ಇಷ್ಟು ಇರುವೆ ಯಾರು ಸಾಕ್ತಾರೆ? ನನ್ನ ಪತ್ರ ಎಲ್ಲಾ ನಿಮಗೇ. ಇವನ್ನ ಮಾತ್ರ ಓಡಿಸಬೇಡಿ."

ಅಂದು ಸಂಜೀವಯ್ಯನವರು ಅಡುಗೆಮನೆಗೆ ಹೋಗಿ, "ನೀನು ಹೇಳಿದ್ದೇ ಸರಿ. ಬೆಲ್ಲ ಗಾರೆಗೇ. ಆದರೂ ದೇವರು ದೊಡ್ಡವನು" ಎಂದರು. ಈಶ್ವರಮ್ಮ ಉಳಿದ ಅರಿಶಿನದಲ್ಲಿ ಚಿತ್ರಾನ್ನ ಕಲಸಿ ಬಡಿಸಿದರು. ಅಷ್ಟು ರುಚಿಯಾದ ಚಿತ್ರಾನ್ನವನ್ನು ಸಂಜೀವಯ್ಯನವರು ಬಹುಕಾಲದಿಂದ ಉಂಡಿರಲಿಲ್ಲ. ಅಂದಿನಿಂದ ಅವರು ನೆಲ ನೋಡಿಯೇ ಹೆಜ್ಜೆ ಇಡುತ್ತಿದ್ದರು, ಅನ್ನದಾತರನ್ನು ತುಳಿದಾರೆಯೆ?

ಮುಂದಿನ ವಾರ ಪಕ್ಕದ ಮನೆಯ ಅಕ್ಕಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ ಈಶ್ವರಮ್ಮ, ನಿಮ್ಮೆಜಮಾನರು ಆಫೀಸು ಇಟ್ಟಿದ್ದಾರಂತೆ?" ಎಂದು ಕೇಳಿದರು.

ಈಶ್ವರಮ್ಮ ಬಟ್ಟೆ ಹರವುತ್ತಾ ಹೇಳಿದರು:

"ಆಫೀಸು ಇರುವೆಗಳದ್ದು ಕಣ್ರೀ. ನಮ್ಮವರು ಅಲ್ಲಿ ಟೈಪಿಸ್ಟು."