ಹೆಂಡತಿಯನ್ನು ಹೊಗಳುವುದು, ಪ್ರತಿದಿನ

ಹೆಂಡತಿ: ಅಲ್ರೀ, ನಾಚಿಕೆ ಅನ್ನೋದು ಇದೆಯಾ ನಿಮಗೆ? ಇದನ್ನ ಬರೆದಿಟ್ಟೋರು ಯಾರು, ಅದನ್ನ ಮೊದಲು ಹೇಳಿ.

ಗಡಿಯಾರ ರಿಪೇರಿ ಮಾಡ್ತಾನೆ ಅಂತ ಊರೆಲ್ಲ ಅವನನ್ನು ಗಡಿಯಾರಪ್ಪ ಅಂತಲೇ ಕರೆಯೋದು. ಆ ಮಹಾಶಯ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯಲೇ ಇಲ್ಲ. ತೆಗೆದರೆ ಹೆಂಡತಿಯ ಮುಖ ನೋಡಬೇಕಲ್ಲ! ಅಂಗಡಿಯ ಮೂಲೆಯಲ್ಲಿದ್ದ ಓಬೀರಾಯನ ಕಾಲದ ಕಂಪ್ಯೂಟರು ಆಗಷ್ಟೇ ಕುಂಯ್ ಅಂದಿತ್ತು. ಪರದೆ ತುಂಬ ದಪ್ಪಕ್ಷರ: 'ಊಟಕ್ಕೆ ಕೂತಾಗ ಹೆಂಡತಿಯನ್ನು ಹೊಗಳುವುದು. ಪ್ರತಿದಿನ.' ಅದು ಬುತ್ತಿ ಹಿಡಿದು ಬಂದವಳ ಕಣ್ಣಿಗೇ ಬೀಳಬೇಕೇ? ಗ್ರಹಚಾರ.

ಗಡಿಯಾರಪ್ಪ: ನಾನು ಮರೆಗುಳಿ ಅಂತ ನಿನಗೆ ಗೊತ್ತಿಲ್ವಾ? ಗಿರಾಕಿ ವಾಚು, ಕರೆಂಟ್ ಬಿಲ್ಲು, ಎಲ್ಲ ಇದೇ ನೆನಪಿಸೋದು.

ಹೆಂಡತಿ: ಕರೆಂಟ್ ಬಿಲ್ಲಿನ ಪಕ್ಕ ನಾನು.

ಗಡಿಯಾರಪ್ಪ: ಪಕ್ಕ ಅಲ್ಲ ಕಣೇ, ಮೇಲಿನ ಸಾಲು.

ಹೆಂಡತಿ: ಮತ್ತೆ ಬೈಯೋದನ್ನ ಯಾಕೆ ಹಾಕಿಲ್ಲ? ಉಪ್ಪು ಒಂದು ಕಾಳು ಹೆಚ್ಚಾದ್ರೆ ಯಾರೂ ನೆನಪಿಸದೇನೇ ಸಲೀಸಾಗಿ ಬರುತ್ತಲ್ಲ.

ಗಡಿಯಾರಪ್ಪ: ಅದು ಬಾಯಿಪಾಠ ಆಗಿದೆ.

ಅಂದವನೇ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಇವನ ಬಾಯಲ್ಲಿ ಮುತ್ತಂತೂ ಎಂದೂ ಇರಲಿಲ್ಲ.

ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ದನಿ ತಗ್ಗಿತು. ಹಿಂದೆ ಯಾವಾಗಲೋ ಅವನು ನಿನ್ನ ಕೈರುಚಿಗೆ ಸಾಟಿಯಿಲ್ಲ ಅಂದಿದ್ದು, ಹಸಿರು ಬಣ್ಣ ನಿನಗೆ ಒಪ್ಪುತ್ತೆ ಅಂದಿದ್ದು, ಎಲ್ಲವನ್ನೂ ಒಂದೊಂದಾಗಿ ಎತ್ತಿ ಕೇಳಿದಳು.

ಹೆಂಡತಿ: ಅವೆಲ್ಲ ನಿಮ್ಮ ಮನಸ್ಸಿಂದ ಬಂದದ್ದೋ, ಈ ಡಬ್ಬದಿಂದಲೋ? ಅಷ್ಟು ಹೇಳಿ ಸಾಕು.

ಗಡಿಯಾರಪ್ಪ: ಮನಸ್ಸಿಂದಾನೇ. ಸಾಕ್ಷಿ ಬೇಕಾ? ಇದರೊಳಗಿನ ಗಡಿಯಾರದ ಸೆಲ್ ಸತ್ತು ಒಂದು ವರ್ಷ ಆಗಿತ್ತು. ಹೊಸದು ಹಾಕಿದ್ದು ಇವತ್ತು ಬೆಳಿಗ್ಗೆ.

ಊರವರ ವಾಚಿಗೆಲ್ಲ ಸೆಲ್ ಹಾಕೋರಿಗೆ ತಮ್ಮದಕ್ಕೆ ಹಾಕೋಕೆ ವರ್ಷ ಬೇಕಾಯ್ತಾ ಅಂತ ಅವಳು ಚುಚ್ಚಿದಳು. ಗೆದ್ದೇಬಿಟ್ಟೆ ಅನ್ನೋ ಹುರುಪಿನಲ್ಲಿದ್ದವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಗಡಿಯಾರಪ್ಪ: ಸೆಲ್ ಇಲ್ಲದೆ, ಆನ್ ಮಾಡಿದಾಗೆಲ್ಲ ಇದರ ತಾರೀಖು ಇಪ್ಪತ್ತು ವರ್ಷ ಹಿಂದಕ್ಕೆ ಓಡ್ತಿತ್ತು. ಇದರ ಲೆಕ್ಕದಲ್ಲಿ ನನಗಿನ್ನೂ ಮದುವೇನೇ ಆಗಿಲ್ಲ. ಬ್ರಹ್ಮಚಾರಿಗೆ ಹೋಗಿ ಹೆಂಡತೀನ ಹೊಗಳು ಅನ್ನುತ್ತಾ? ಹಾಗಾಗಿ ಒಂದು ವರ್ಷದಿಂದ ಹೊಗಳಿದ್ದೆಲ್ಲ ನಂದೇ. ಅಪ್ಪಟ ನಂದು.

ಅವಳು ಬುತ್ತಿಯನ್ನು ಮೇಜಿನ ಮೇಲಿಟ್ಟಳು.

ಹೆಂಡತಿ: ಒಂದು ವರ್ಷದಿಂದ ನೀವು ನನ್ನನ್ನ ಹೊಗಳೇ ಇಲ್ಲ.

ಗಡಿಯಾರಪ್ಪ ನೆನಪನ್ನೆಲ್ಲ ಜಾಲಾಡಿದ. ಒಂದೇ ಒಂದು ಒಳ್ಳೆ ಮಾತು ಸಿಗಲಿಲ್ಲ. ಉಪ್ಪಿನ ವಿಷಯ ಮಾತ್ರ ಬೇಕಾದಷ್ಟು ಸಿಕ್ಕಿತು.

ಹೆಂಡತಿ: ನನ್ನ ಮೇಲೆ ಬೇಸರ ಬಂದಿದೆ ಇವರಿಗೆ ಅಂದ್ಕೊಂಡು ಎಷ್ಟು ಸಲ ಅತ್ತಿದ್ದೀನಿ ಗೊತ್ತಾ? ಸೆಲ್ ಹೋಗಿದೆ ಅಂತ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು ನಿಮಗೆ?

ಅವನಿಗೆ ಭೂಮಿಗಿಳಿದು ಹೋದಂತಾಯಿತು. ಇದನ್ನ ಈಗಲೇ ಅಳಿಸಿಬಿಡ್ತೀನಿ, ಇನ್ನು ಮೇಲೆ ಬರೋದೆಲ್ಲ ಮನಸ್ಸಿಂದಾನೇ ಅಂತ ಮೌಸಿಗೆ ಕೈ ಹಾಕಿದ. ಅವಳು ಗಬಕ್ಕನೆ ಆ ಕೈ ಹಿಡಿದಳು.

ಹೆಂಡತಿ: ನಿಮ್ಮ ಮನಸ್ಸನ್ನ ನಂಬಿ ಒಂದು ವರ್ಷ ಕೆಟ್ಟಿದ್ದು ಸಾಕು. ಅದು ಹಾಗೇ ಇರಲಿ. ನಮ್ಮಕ್ಕ ಬಂದ ದಿನ ಎರಡು ಸಲ ಕೂಗೋ ಹಾಗೆ ಮಾಡಿ.