ಕುಂಕುಮ ತಿಂದ ಕಂಪ್ಯೂಟರ್

ಆಗಸ್ಟ್ ಮೂರು, ಭಾನುವಾರ. ಮೋಡವಿತ್ತು, ಮಳೆಯಿರಲಿಲ್ಲ, ವಿಪರೀತ ಸೆಕೆ. ಕಂಪ್ಯೂಟರ್ ರಿಪೇರಿ ಬರುತ್ತದೆಂದು ಬಿಲ್ಡಿಂಗಿಗೆ ಒಮ್ಮೆ ಗೊತ್ತಾದರೆ ಆ ಮನುಷ್ಯನಿಗೆ ಭಾನುವಾರ ಎಂಬುದಿರುವುದಿಲ್ಲ. ಅಂದು ನಮ್ಮ ಮನೆಯ ಬೆಲ್ ಒತ್ತಿದವರು ಮೂರನೇ ಮಹಡಿಯ ಅಕ್ಕೋರು.

ಅನರ್ಹ

ಅಕ್ಕೋರು ಧಾರವಾಡದವರು, ನಿವೃತ್ತ ಶಿಕ್ಷಕಿ. ಮುಂಬಯಿಯ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಕೂತು, ದಾದರ್‌ವರೆಗಿನ ಮಕ್ಕಳಿಗೆ ಪ್ರತಿ ಭಾನುವಾರ ಸಂಜೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾರೆ. ಅವರ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮುಂದಿನ ವಾರದಿಂದ ಕ್ಲಾಸಿನ ಆ್ಯಪ್ ತೆರೆಯುವುದಿಲ್ಲವೆಂದು ಸೂಚನೆ ಬಂದಿತ್ತು.

"ಒಂದ್ ವಾರ ತಪ್ಪಿದ್ರ ಹುಡುಗ್ರು ಸ್ವಿಮ್ಮಿಂಗ್‌ಗೆ ಹೋಗಿಬಿಡ್ತಾವ. ಆಮ್ಯಾಲೆ ತಿರುಗಿ ಬರೂದಿಲ್ಲ."

ಹೊಸದನ್ನು ಹಾಕಲು ನೋಡಿದೆ. ಈ ಕಂಪ್ಯೂಟರ್ ಅರ್ಹವಲ್ಲ ಎಂದಿತು ಪರದೆ.

"ಯಾಕಂತ?"

"ವಯಸ್ಸಾಗಿದೆಯಂತೆ."

"ನನಗೂ ಸಾಲ್ಯಾಗ ಹಿಂಗ ಅಂದು ಹಾರ ಹಾಕಿ ಕಳಿಸಿದ್ರು. ನಾ ಕಲಿಸೋದು ಬಿಟ್ಟೇನೇನು? ಅದರ ಮಾತು ಕೇಳಬ್ಯಾಡ್ರಿ, ಹಾಕ್ರಿ."

ನನ್ನ ಹೆಂಡತಿ ಉಡುಪಿ ಹೋಟೆಲಿನವರ ಮಗಳು. ಬಿಲ್ಲಿಲ್ಲದ ಕೆಲಸ ಅವಳಿಗೆ ಅರ್ಥವಾಗುವುದಿಲ್ಲ.

"ಏನು ಕೊಟ್ರು ಮಾರಾಯ್ರೆ?"

"ಧೈರ್ಯ," ಎಂದೆ.

ಒಳಗಿನ ಪೂಜೆ

ಆ ಅರ್ಹತೆಯ ತಪಾಸಣೆಯನ್ನು ದಾಟಿ ಹೋಗುವಂಥ ಪೆನ್‌ಡ್ರೈವ್ ಒಂದನ್ನು ತಯಾರಿಸಿಕೊಂಡು ಶನಿವಾರ ಹೋದೆ. ಅದು ಒಳಗೇ ಹೋಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ತೂತಿನ ತುಂಬ ಕುಂಕುಮ. ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಫ್ಯಾನಿಗೆ ಸುತ್ತಿಕೊಂಡ ಚೆಂಡುಹೂವಿನ ಎಸಳು, ತಳದಲ್ಲಿ ಒಂದು ಹಿಡಿ ಅಕ್ಷತೆ. ವರ್ಷ ವರ್ಷದ ಆಯುಧಪೂಜೆ ಭದ್ರವಾಗಿ ಕೂತಿತ್ತು.

"ಅಕ್ಕೋರೇ, ಇದಕ್ಕೆ ಹೀಗೆಲ್ಲ ಹಾಕಬಾರದು. ಕೆಟ್ಟುಹೋಗುತ್ತದೆ."

"ಹಾಕಿದ್ದಕ್ಕ ಇಷ್ಟು ವರ್ಷ ನಡದದ."

ಬ್ರಷ್ ಕೇಳಿದೆ.

ಮೇನ್ ಸ್ವಿಚ್

ಇನ್‌ಸ್ಟಾಲ್ ಶುರುವಾಯಿತು. ಮುಗಿಯುವವರೆಗೆ ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬಂತು. ಊಟಕ್ಕೆ ಮನೆಗೆ ಹೋದೆ. ಹಿಂತಿರುಗಿದರೆ ಬಾಗಿಲಿಗೆ ಬೀಗ. ಅಕ್ಕೋರು ಕೊತ್ತಂಬರಿ ಹಿಡಿದು ಬಂದು ಬೀಗ ತೆಗೆದರು. ಪರದೆ ಕಪ್ಪಾಗಿತ್ತು.

"ಏನು ಮುಟ್ಟಿದಿರಿ?"

"ಕಂಪ್ಯೂಟರ್ ಮುಟ್ಟೇ ಇಲ್ಲರಿ! ದಿನಾ ಮಾಡಿದಂಗ ಗ್ಯಾಸ್ ಬಂದ್ ಮಾಡಿ, ಮೇನ್ ಆಫ್ ಮಾಡಿ ಹೋದೆ."

ಮತ್ತೆ ಮೊದಲಿನಿಂದ. ಈ ಸಲ ಅವರು ಮೇನ್ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು.

"ಯಾರನ್ನು ಕಾಯುತ್ತಿದ್ದೀರಿ?"

"ನನ್ನನ್ನ."

ಫೀಸು

ಭಾನುವಾರ ಸಂಜೆ ಪರದೆಯ ತುಂಬ ಮಕ್ಕಳು. ವಿಲೆ ಪಾರ್ಲೆಯ ಹುಡುಗಿಯೊಬ್ಬಳು ಕೂಗಿದಳು: "ಟೀಚರ್, ಆಜ್ ನೀವು ಏಕ್‌ದಮ್ ಕ್ಲಿಯರ್ ಕಾಣ್ತಾ ಹೈ!" ಎಲ್ಲರನ್ನೂ ತಿದ್ದುವ ಅಕ್ಕೋರು ಅಂದು ತಿದ್ದಲಿಲ್ಲ. ಕನ್ನಡಕ ಒರೆಸಿಕೊಂಡರು.

ಕ್ಲಾಸ್ ಮುಗಿದ ಮೇಲೆ ಪಟ್ಟು ಹಿಡಿದರು. "ಫೀಸ್ ಹೇಳ್ರಿ. ಪುಕ್ಕಟೆ ನಾ ಮಾಡಿಸಿಕೊಳ್ಳೂದಿಲ್ಲ."

"ದಸರೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚಬೇಡಿ. ಅದೇ ಫೀಸು."

ಹಣ ಕೇಳಿದ್ದರೆ ಸುಲಭವಿತ್ತು ಎಂಬಂತೆ ನನ್ನನ್ನು ನೋಡಿದರು. ಕೊನೆಗೆ ಒಪ್ಪಿದರು.

ಆಯುಧಪೂಜೆಯ ದಿನ ಕರೆ ಬಂತು. ಕಂಪ್ಯೂಟರ್ ಶುಭ್ರವಾಗಿತ್ತು, ಒಂದು ಎಸಳೂ ಇಲ್ಲ. ಪರದೆಯಲ್ಲಿ ಮಕ್ಕಳು ಪೂಜೆ ನೋಡಲು ಕಾದಿದ್ದರು. ಮುಂದೆ ಒಂದು ಮಣೆ.

"ಕೂಡ್ರಿ."

ಕೂತೆ.

"ಅದಕ್ಕ ಹಚ್ಚಬ್ಯಾಡ ಅಂದ್ರಿ, ಹಚ್ಚಿಲ್ಲ. ಹಂಗಂತ ಪೂಜಿ ಬಿಡಲಿಕ್ಕೆ ಬರ್ತದೇನು? ಅದನ್ನ ನಡಸವ್ರು ನೀವು."

ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂವಿನ ಹಾರ. ಡಬ್ಬಿಗೆ ಸಲ್ಲಬೇಕಾದದ್ದೆಲ್ಲ ನನಗೆ ಸಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಬಾಗಿಲು ತೆರೆದ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂತೂ ಫೀಸ್ ಕೊಟ್ರಾ?"

"ಕಂಪ್ಯೂಟರಿನ ಪಾಲಿನದೆಲ್ಲ," ಎಂದೆ.

ಹತ್ತಿರ ಬಂದು ನನ್ನ ಕಿವಿಯೊಳಗಿನ ಕುಂಕುಮ ನೋಡಿದಳು.

"ಹಾಗಾದ್ರೆ ಇನ್ನು ಪೆನ್‌ಡ್ರೈವ್ ಎಲ್ಲಿ ಹಾಕುವುದು ಮಾರಾಯ್ರೆ?"