ತುಳಜಾಬಾಯಿ ಹೋದದ್ದು

ದೌಲಪ್ಪ ಆ ಹೊತ್ತಿನಲ್ಲಿ ಸ್ನಾನಕ್ಕೆ ಹೋಗಬಾರದಿತ್ತು. ಅವನು ಮೈಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ತುಳಜಾಬಾಯಿ ತವರೂರು ಕಮಲಾಪುರದ ಬಸ್ಸು ಹತ್ತಿಬಿಟ್ಟಳು.

ಕೋಟನೂರಿನ ಈ ಮನೆಗೆ ಅವನು ಮನೆಅಳಿಯ. ಅತ್ತೆಯನ್ನು ದವಾಖಾನೆಗೆ ಒಯ್ಯುವವನೂ ಅವನೇ, ಸಾರಿಗೆ ಉಪ್ಪು ಕಮ್ಮಿಯೆಂದು ಬೈಸಿಕೊಳ್ಳುವವನೂ ಅವನೇ. ಅತ್ತೆಯ ಮಗ ವಿವೇಕಾನಂದ ಮಸ್ಕತ್ತಿನಿಂದ ಫೋನಿನಲ್ಲಿ ಹುಕುಂ ಮಾಡುತ್ತಿದ್ದ. ದೀಪಾವಳಿಗೆ ಒಂದು ತಿಂಗಳು ಬಂದು ತಾಯಿಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದ. ಆಗ ದೌಲಪ್ಪ ಕಮಲಾಪುರದ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತನ್ನ ಹೆತ್ತವ್ವನ ಬಳಿ ಇರಬಹುದಿತ್ತು. ಆ ತಿಂಗಳ ಆಸೆಗೆ ಎಲ್ಲವನ್ನೂ ನುಂಗಿಕೊಂಡಿದ್ದ.

ಫೋನು ಬಡಿದುಕೊಂಡಿತು. ಸಕ್ಕರೆ ಕೇಳಲು ಬಂದಿದ್ದ ನೆರೆಮನೆಯ ಪುತಳಾಬಾಯಿ ಎತ್ತಿದಳು.

"ಅವ್ವಗ ಕೊಡ್ರಿ," ಎಂದ ವಿವೇಕಾನಂದ.

"ಎಲ್ಲಿ ಅವ್ವರಿ? ಈಗರೆ ಹೋದಳ್ರಿ. ಯಾರಿಗೂ ಹೇಳಲಿಲ್ಲ, ಕೇಳಲಿಲ್ಲ, ಹೋಗೇಬಿಟ್ಟಳು!"

ಆ ಕಡೆ ಗೋಳೋ ಎಂಬ ಅಳು ಕೇಳಿ ಲೈನು ಕಟ್ಟಾಯಿತು.

ದೌಲಪ್ಪ ತಲೆ ಒರೆಸಿಕೊಳ್ಳುತ್ತ ಬಂದು, ಅತ್ತೆ ಕಮಲಾಪುರದ ಬಸ್ಸು ಹತ್ತಿದ್ದನ್ನು ಪುತಳಾಬಾಯಿಯಿಂದ ಕೇಳಿ, ಎಷ್ಟು ಸಲ ಮಾಡಿದರೂ ಫೋನು ಬಿಜಿ. ಮಗರಾಯ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿ, ಅಳುತ್ತ ವಿಮಾನ ಹತ್ತಿದ್ದ. ಬೀಗರು ಹಾರ ಹಿಡಿದು ಬಂದರು. ಯಾರೋ ಶಾಮಿಯಾನ ಹಾಕಿಸಿದರು.

"ಹೆಣ ಎಲ್ಲದ?" ಎಂದರು.

"ಕಮಲಾಪುರಕ್ಕ ಹೋಗ್ಯಾದ," ಎಂದು ಗಾಬರಿಯಲ್ಲಿ ದೌಲಪ್ಪನ ಬಾಯಿಂದ ಬಂತು.

ಅವನು ಕಮಲಾಪುರಕ್ಕೆ ಓಡಿದಾಗ ಅತ್ತೆ ತನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದಳು. ಮಗ ಬರುತ್ತಿದ್ದಾನೆ ಎಂದದ್ದೇ ತಡ, ಮೊಣಕಾಲು ನೋವು ಮರೆತು ಎದ್ದಳು. ವಾಪಸು ಬರುವಾಗ ಬಸ್ಸಿನಿಂದ ದೌಲಪ್ಪನ ಹೆತ್ತವ್ವನ ಓಣಿ ಕಂಡಿತು. ಇಳಿಯಲೆಂದು ಅವನು ಸೀಟಿನಿಂದ ಎದ್ದ.

"ಲಗೂ ನಡೀರಿ, ನನ್ನ ಮಗ ಅಳ್ಕೋತ ಬರ್ತಾನ," ಎಂದಳು ಅತ್ತೆ. ದೀಪಾವಳಿಗೆ ಬಂದೇ ಬರುತ್ತೇನಲ್ಲ ಎಂದುಕೊಂಡು ಅವನು ಮತ್ತೆ ಕೂತ.

ಸಂಜೆ ವಿವೇಕಾನಂದ ಎದೆ ಬಡಿದುಕೊಳ್ಳುತ್ತ ಕಾರಿನಿಂದಿಳಿದ. ಶಾಮಿಯಾನದ ಕೆಳಗೆ ತಾಯಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಅವನ ಅಳು ನಳ ತಿರುವಿದಂತೆ ನಿಂತಿತು.

"ಇದ್ದೀಯೇನವ್ವಾ?" ಎಂದ. ದನಿಯಲ್ಲಿ ಸಂತೋಷಕ್ಕಿಂತ ದೂರೇ ಹೆಚ್ಚಿತ್ತು. ಆಮೇಲೆ ದೌಲಪ್ಪನ ಕಡೆ ತಿರುಗಿದ. "ಏನ್ ಮಾಡಿದ್ರಿ ಭಾವಾ! ಈ ನಾಕು ದಿನದ ರಜಾಕ್ಕ ಕಂಪನಿಯವರು ದೀಪಾವಳಿ ರಜಾ ರದ್ದು ಮಾಡ್ಯಾರ. ಮುಂದ ಅವ್ವ ಖರೇನೇ ಹೋದ್ರೂ ರಜಾ ಸಿಗಂಗಿಲ್ಲ. ಒಬ್ಬಗ ಎಷ್ಟು ತಾಯಿ ಅಂತಾರ ಅವರು. ಎಲ್ಲಾ ನೀವೇ ನೋಡ್ಕೋಬೇಕು."

ದೌಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ಹಂಗಾದ್ರ ಈ ನಾಕು ದಿನರೆ ನಾ ನಮ್ಮವ್ವನ ಕಡಿ..."

ತುಳಜಾಬಾಯಿ ಚಹಾದ ಕಪ್ಪು ಕೆಳಗಿಟ್ಟಳು.

"ನೀವು ಹೋದ್ರ ಹ್ಯಾಂಗ್ರಿ, ಅಳಿಯಂದ್ರ? ನನ್ನ ಕೂಸು ಅಷ್ಟು ದೂರದಿಂದ ದಣಿದು ಬಂದದ. ಅವಗ ಯಾರು ನೋಡ್ಕೋಬೇಕು?"